ಸುಳ್ಳು ಬೋಧಕನಿಗೊಬ್ಬ ಭಾಷಾಂತರಕಾರ

ಸುಳ್ಳು ಬೋಧಕರನ್ನು ಪತ್ತೆ ಹಚ್ಚುವುದರಲ್ಲಿ ನನ್ನನ್ನು ಮೀರಿಸುವವರು ಡೊಂಬಿವಲಿಯಲ್ಲಿ ಯಾರೂ ಇಲ್ಲ ಎಂಬ ಜಂಬ ನನಗೆ ಬಹಳ ವರ್ಷ ಇತ್ತು. ನಾವು ಉಡುಪಿ ಕಡೆಯ ಕ್ರೈಸ್ತರು. ನಮ್ಮ ಕನ್ನಡ ಸಭೆಯ ಸಂಡೇ ಸ್ಕೂಲಿನಲ್ಲಿ ಈ ಪಾಠ ಯಾವಾಗಲೂ ನನ್ನದೇ. ಕುರಿಯ ವೇಷದಲ್ಲಿ ಬರುವ ತೋಳವನ್ನು ಅದರ ಫಲದಿಂದ ತಿಳಿಯಬೇಕೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ, ಅವರ ದುರಾಸೆಯನ್ನು ನೋಡಿ ಎಂದು ಪೇತ್ರ, ಕೇಳುವವರ ಕಿವಿಯ ತುರಿಕೆ ತಣಿಸುವಂತೆ ಮಾತಾಡುತ್ತಾರೆಂದು ಪೌಲ. ಈ ಲಕ್ಷಣಗಳನ್ನು ಹಿಡಿದುಕೊಂಡು ನಾನು ಥಾಣೆಯಿಂದ ಬದಲಾಪುರದವರೆಗಿನ ಬೋಧಕರನ್ನೆಲ್ಲ ಜಾಲಾಡಿದ್ದೆ. ಬೆರಳಿಗೆರಡು ಉಂಗುರ ಹಾಕಿದವನು ತೋಳ. ಟಿವಿಯಲ್ಲಿ ಪ್ರಾರ್ಥನೆಯ ಎಣ್ಣೆ ಮಾರುವವನು ತೋಳ. ಪ್ರಸಂಗ ಉದ್ದ ಮಾಡಿ ನಮ್ಮ ಲೋಕಲ್ ರೈಲು ತಪ್ಪಿಸುತ್ತಿದ್ದ ಸ್ವಂತ ಪಾದ್ರಿಯ ಮೇಲೂ ನನ್ನದೊಂದು ಕಣ್ಣಿತ್ತು.

ಹೀಗಿರುವಾಗ ಕಲ್ಯಾಣದ ಕಡೆಯಿಂದ ಒಬ್ಬ ಬೋಧಕ ಬಂದ. ಎಲ್ಲರಿಗೂ ಅವನು ಬರೀ ‘ಬ್ರದರ್’. ಮನೆಮನೆಯ ಹಾಲ್‌ನಲ್ಲಿ ಸೋಫಾ ಸರಿಸಿ, ಚಾಪೆ ಹಾಸಿ ಅವನ ಪ್ರಾರ್ಥನಾಕೂಟ. ಮೊದಲ ದಿನವೇ ನನಗೆ ವಾಸನೆ ಬಡಿಯಿತು. ಮಾತೆತ್ತಿದರೆ ದೇವರು ಬೆಳಿಗ್ಗೆ ತನಗೊಬ್ಬನಿಗೇ ಹೇಳಿದ್ದು ಎನ್ನುತ್ತಿದ್ದ. ಆದರೆ ಅವನಿಗೆ ಬರುತ್ತಿದ್ದದ್ದು ಹಿಂದಿ, ನಮ್ಮ ಹಿರಿಯ ಹೆಂಗಸರಿಗೆ ಬೇಕಾದದ್ದು ಕನ್ನಡ. ಪಕ್ಕದಲ್ಲಿ ನಿಂತು ವಾಕ್ಯ ವಾಕ್ಯವನ್ನೂ ಕನ್ನಡ ಮಾಡಲು ನನ್ನನ್ನು ಕರೆದರು. ಅವನ ಸಪ್ಪೆ ಗಂಜಿ ನನ್ನ ಬಾಯಲ್ಲಿ ಗೋಡಂಬಿ ದ್ರಾಕ್ಷಿ ಬಿದ್ದ ಪಾಯಸವಾಗುತ್ತಿತ್ತು. ಕೂಟ ಮುಗಿದ ಮೇಲೆ ಅವನು ಭುಜ ತಟ್ಟಿ, “ಬ್ರದರ್, ಆಪ್ ಕೀ ಜುಬಾನ್ ಪೇ ಅಭಿಷೇಕ್ ಹೈ” ಎಂದ. ಕಳಂಬೋಲಿಯ ಕಬ್ಬಿಣದ ಅಂಗಡಿಯಲ್ಲಿ ಹಗಲಿಡೀ ಬಿಲ್ ಬರೆಯುವವನ ನಾಲಿಗೆಗೆ ಅಭಿಷೇಕ! ಪೌಲ ಹೇಳಿದ ಆ ತುರಿಕೆ ನನ್ನ ಕಿವಿಯಲ್ಲೇ ತಣಿಯಿತು. ಆಮೇಲೆ ನನಗೆ ಯಾವ ವಾಸನೆಯೂ ಬರಲಿಲ್ಲ.

ಒಂದು ದಿನ ಕೂಟ ನಮ್ಮ ಮನೆಯಲ್ಲೇ. ಗಂಡ ತೀರಿಕೊಂಡ ಮೇಲೆ ಊರಿಂದ ಬಂದು ನಮ್ಮೊಡನೆ ಇರುವ ನನ್ನ ಸುಗುಣಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ಅವಳ ಹಿಂದಿ ತರಕಾರಿ ಗಾಡಿಯ ಹತ್ತಿರ ಶುರುವಾಗಿ ಅಲ್ಲೇ ಮುಗಿಯುತ್ತದೆ. ಬ್ರದರ್ ಕೈಯೆತ್ತಿ, “ಗೋಲಿ ಪೇ ನಹೀಂ, ಪ್ರಭು ಪೇ ಭರೋಸಾ ರಖೋ” ಎಂದ. ಗುಳಿಗೆಯನ್ನಲ್ಲ, ಪ್ರಭುವನ್ನು ನಂಬಿ. ಅಷ್ಟೇ ಅವನ ಮಾತು. ನಾನು ಗುಡುಗಿದೆ: “ಬಿಸಾಡಿರಿ ಆ ಗುಳಿಗೆಗಳನ್ನು! ಕಬ್ಬಿಗೆ ಸಿಹಿ ಕೊಟ್ಟ ದೇವರಿಗೆ ನಿಮ್ಮ ರಕ್ತದ ಸಕ್ಕರೆ ಇಳಿಸುವುದು ಕಷ್ಟವೇ?” ಹಾಲೆಲೂಯದ ಅಬ್ಬರಕ್ಕೆ ಪಕ್ಕದ ಫ್ಲ್ಯಾಟಿನವರು ಬಾಗಿಲು ತೆರೆದು ನೋಡಿದರು. ಬ್ರದರೇ ಬೆಚ್ಚಿ ನನ್ನ ಮುಖ ನೋಡಿದ.

ಮಳೆಗಾಲದಲ್ಲಿ ಅಕ್ಕನ ಕಾಲಿನ ಸಣ್ಣ ಗಾಯ ಕೆಟ್ಟಿತು. ಗುಳಿಗೆ ನಿಲ್ಲಿಸಲು ಹೇಳಿದ ಪುಣ್ಯಾತ್ಮ ಯಾರು ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಸಿಡುಕಿದರು. ಅವಳು ಬಿಟ್ಟದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಬ್ಬೆರಳು ಹೋಯಿತು. ನನ್ನ ಮೈಯೆಲ್ಲ ಉರಿದು, ಬ್ರದರನ್ನು ಹುಡುಕಿಕೊಂಡು ಹೋಗಿ ಜಾಡಿಸಿದೆ. ಅವನು ತಣ್ಣಗೆ, “ಫೇಂಕನೇ ಕೋ ಮೈನೇ ಕಬ್ ಬೋಲಾ?” ಎಂದು ಬ್ಯಾಗು ಹೆಗಲಿಗೇರಿಸಿದ. ಬಿಸಾಡಲು ಅವನು ಹೇಳಿರಲಿಲ್ಲ, ನಿಜ. ಆದರೂ ಆಸ್ಪತ್ರೆಗೆ ವಾಪಸು ಬಂದು ಅಕ್ಕನ ಮಂಚದ ಪಕ್ಕ ಕುಳಿತು, ಮತ್ತಾಯನಿಂದ ಪೇತ್ರನವರೆಗೆ ಎಲ್ಲ ಲಕ್ಷಣ ಒಪ್ಪಿಸಿ, “ಅವನು ಅಪ್ಪಟ ತೋಳ ಅಕ್ಕ” ಎಂದೆ.

“ಪಾಪ, ಅವರನ್ನು ಯಾಕೆ ಬೈತಿ ಮಾರಾಯ? ಅವರ ಹಿಂದಿ ನನಗೆಲ್ಲಿ ಅರ್ಥ ಆಗ್ತದೆ? ಬಿಸಾಡ್ಲಿಕ್ಕೆ ಹೇಳಿದ್ದು ನೀನಲ್ವಾ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

“ಬಿಟ್ಟದ್ದನ್ನು ನನಗೆ ಹೇಳಬಾರದಿತ್ತಾ?”

“ಹೇಳಿದವನಿಗೇ ತಿರುಗಿ ಹೇಳ್ಲಿಕ್ಕೆ ಏನುಂಟು?”

ಅನ್ಯಭಾಷೆಗೆ ಅರ್ಥ ಹೇಳುವವನು ಇಲ್ಲದಿದ್ದರೆ ಮಾತಾಡುವವನು ಸುಮ್ಮನಿರಲಿ ಎಂದು ಪೌಲ ಬರೆದಿದ್ದಾನೆ. ಅರ್ಥ ಹೇಳುವವನು ಯಾವಾಗ ಸುಮ್ಮನಿರಬೇಕೆಂದು ಬರೆಯಲಿಲ್ಲ. ಸಭೆಗೆ ಹೊರಗಿನ ಬೋಧಕರು ಬಂದರೆ ಈಗಲೂ ನನ್ನನ್ನೇ ಕರೆಯುತ್ತಾರೆ. ನಾಚಿಕೆಗೆಟ್ಟ ನಾನು ಈಗಲೂ ಹೋಗುತ್ತೇನೆ. ಅಕ್ಕನೂ ಊರುಗೋಲು ಹಿಡಿದು ಬರುತ್ತಾಳೆ. ಹೊರಡುವ ಮೊದಲು, “ಇವತ್ತು ಮಾತಾಡುವುದು ನೀನಲ್ವಾ?” ಎಂದು ಕೇಳುತ್ತಾಳೆ. ಹೌದೆಂದರೆ, ನನ್ನ ಎದುರೇ ನಿಂತು ಗುಳಿಗೆ ನುಂಗಿ ನೀರು ಕುಡಿಯುತ್ತಾಳೆ.