ಪೋರ್ಚಿನಲ್ಲಿ ಬೀಡುಬಿಟ್ಟ ಮೀನುಗಳು

ಶಿಸ್ತಿನ ಮನೆಗಳಲ್ಲೇ ಇಂಥ ಸಂಗತಿಗಳು ಹೆಚ್ಚು ನಡೆಯುತ್ತವೆ. ಶಿಸ್ತಿಲ್ಲದ ಮನೆಗಳಲ್ಲಿಯೂ ನಡೆಯುತ್ತಿರಬಹುದು, ಆದರೆ ಅಲ್ಲಿ ಯಾರ ಗಮನಕ್ಕೂ ಬರುವುದಿಲ್ಲ.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತವಳು. ಬೆನ್ನು ನೆಟ್ಟಗೆ ಇಟ್ಟು ಕೂಡುವುದು, ಕರವಸ್ತ್ರದ ಅಂಚು ನಾನೇ ಹೊಲಿಯುವುದು, ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮುಗಿಸುವುದು ಅಲ್ಲಿಂದ ಬಂದ ಗುಣಗಳು. ಮದುವೆಯಾಗಿ ಬಂದದ್ದು ಗೋಕಾಕಿನ ಬೆಲ್ಲದ ವ್ಯಾಪಾರದ ಮನೆಗೆ. ಲಿಂಗಪೂಜೆ ಆಗದೆ ಒಲೆ ಹೊತ್ತದ ಮನೆ. ಮೊಟ್ಟೆ ಎಂಬ ಮಾತು ಕೂಡ ಹೊಸ್ತಿಲು ದಾಟದ ಮನೆ. ಅಂಥ ಮನೆಯ ಹಿತ್ತಲಿನಲ್ಲಿ ನಮ್ಮ ಯಜಮಾನರು ಮೀನು ಸಾಕಿದ್ದರು.

ಕೋಯ್ ಎಂಬ ಜಪಾನಿನ ಬಣ್ಣದ ಮೀನುಗಳು. ಬಿಳಿ ಮೈಮೇಲೆ ಕುಂಕುಮ ಚೆಲ್ಲಿದಂತೆ ಕೆಲವು, ಅರಿಸಿನದ ಬಣ್ಣದವು ಕೆಲವು. ಎಲ್ಲಕ್ಕಿಂತ ದೊಡ್ಡದು ನನ್ನ ತೋಳಿನಷ್ಟು ಉದ್ದ. ಅದನ್ನು ಅವರು 'ದೊಡ್ಡಾಕಿ' ಎನ್ನುತ್ತಿದ್ದರು. ಹರೆಯದಲ್ಲಿ ಕೊಲ್ಲಾಪುರದಿಂದ ಬಸ್ಸಿನಲ್ಲಿ ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರಂತೆ. ಆಗ ಅದು ಬೆರಳಿನಷ್ಟಿತ್ತಂತೆ. ಅಂಗಡಿ ಮಕ್ಕಳ ಕೈಗೆ ಹೋದ ಮೇಲೆ ಅವರ ಮಾತನ್ನು ಪೂರ್ತಿ ಕೇಳುವವಳು ಅವಳೊಬ್ಬಳೇ ಉಳಿದಿದ್ದಳು.

ಹಳೆಯ ಕೊಳ ಬಿರುಕು ಬಿಟ್ಟು ಪಕ್ಕದ ಮನೆಯ ಗೋಡೆಗೆ ನೀರು ಇಳಿಯತೊಡಗಿದಾಗ ಅದನ್ನು ಒಡೆದು ಹೊಸದು ಕಟ್ಟಿಸದೆ ಗತಿ ಇರಲಿಲ್ಲ. ಕೆಲಸ ಮುಗಿಯುವ ತನಕ ಮೀನುಗಳು ಎಲ್ಲಿರಬೇಕು? ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಪೋರ್ಚಿನಲ್ಲಿ ಕಬ್ಬಿಣದ ಪೈಪುಗಳ ಚೌಕಟ್ಟು ನಿಲ್ಲಿಸಿ, ಒಳಗೆ ದಪ್ಪ ತಾಡಪತ್ರಿ ಹಾಸಿ, ಎದೆಮಟ್ಟದ ಟಾಕಿ ಮಾಡಿದೆವು. ಹೊಸ ಜಾಗದಲ್ಲಿ ಈ ಮೀನುಗಳು ಹೊರಗೆ ಜಿಗಿಯುತ್ತವೆ, ಆದ್ದರಿಂದ ಮೇಲೆ ಬಲೆ. ನಳದ ನೀರಿನಲ್ಲಿ ಔಷಧದ ವಾಸನೆ ಇರುತ್ತದೆ, ಆದ್ದರಿಂದ ಬೋರಿನ ನೀರು. ಗಾಳಿ ಊದುವ ಮೋಟಾರು, ನೀರು ಸೋಸುವ ಡ್ರಮ್ಮು, ಉಷ್ಣತೆ ನೋಡಲು ಥರ್ಮಾಮೀಟರು. ಎಲ್ಲ ನನ್ನ ಉಸ್ತುವಾರಿ. "ದೊಡ್ಡಾಕಿಗೆ ವಯಸ್ಸಾಗೇತಿ. ಅಕಿ ತಿರುಗಿ ಕೊಳಕ್ಕ ಹೋದ್ರ ಸಾಕು, ನನಗ ಬ್ಯಾರೆ ಏನೂ ಬ್ಯಾಡ" ಎಂದು ಅವರು ಹೇಳಿದ್ದರು. ಆ ಮನುಷ್ಯ ಏನನ್ನೂ ಬೇಡುವವರಲ್ಲ. ಹಾಗಾಗಿ ನಾನು ಸೆರಗು ಸಿಗಿಸಿ ನಿಂತೆ.

ಈಗ ಪೋರ್ಚಿನಲ್ಲಿ ಮತ್ತೆ ಕಾರು ನಿಲ್ಲುತ್ತದೆ. ಅದರ ಸುತ್ತ ಜನ ಸೇರುವುದಿಲ್ಲ, ಯಾರೂ ನಗುವುದಿಲ್ಲ. ಆ ದಿನಗಳು ನೆನಪಾಗುತ್ತವೆ.

ಕಿಲೋಕ್ಕ ಹ್ಯಾಂಗ?

ಹಿತ್ತಲಿನಿಂದ ಪೋರ್ಚಿಗೆ ಬರುವ ಸಂದಿಯ ತುಂಬ ಹೊಸ ಕೊಳಕ್ಕೆ ತಂದ ಉಸುಕು, ಖಡಿ ಕಲ್ಲು ಬಿದ್ದಿತ್ತು. ಮೀನುಗಳು ಹಿಂಬಾಗಿಲಿನಿಂದ ಹೊರಟು, ಓಣಿ ಸುತ್ತಿ, ಮುಂಬಾಗಿಲಿಗೆ ಬರಬೇಕಾಯಿತು. ಕೈಗಾಡಿಯ ಮೇಲೆ ನೀರು ತುಂಬಿದ ದೊಡ್ಡ ಟಬ್ಬು, ಅದರ ಮೇಲೆ ಒದ್ದೆ ಗೋಣಿಚೀಲ. ಮುಂದೆ ನಮ್ಮ ಯಜಮಾನರು, ಹಿಂದೆ ನಾನು. ಚೀಲದ ಅಂಚಿನಿಂದ ಒಂದು ಕೆಂಪು ಬಾಲ ಹೊರಗೆ ಬಂದು ಜನರನ್ನು ಮಾತಾಡಿಸುತ್ತಿತ್ತು.

"ಏನ್ರಿ ಸಾವಕಾರ್ರ, ಧಂದೆ ಬದಲ ಮಾಡಿದ್ರೇನು?" ಎಂದು ಹಿಟ್ಟಿನ ಗಿರಣಿಯವನು ಕೇಳಿದ.

"ಕಿಲೋಕ್ಕ ಹ್ಯಾಂಗ್ರಿ?" ಎಂದು ಚೀಲ ಹಿಡಿದ ಒಬ್ಬಳು ಗಾಡಿಯ ಜೊತೆಗೇ ನಡೆದಳು.

"ಇವು ಮಾರಾಕಲ್ಲ. ನೋಡಾಕ ಸಾಕಿದ್ದು" ಎಂದೆ.

ಅವಳು ಸ್ವಲ್ಪ ಯೋಚಿಸಿ, "ನೋಡಿ ಏನ್ ಮಾಡ್ತೀರಿ?" ಎಂದಳು. ನಾನು ಗೋಣಿಚೀಲ ಸರಿಮಾಡಿ ಗಾಡಿ ಮುಂದೆ ತಳ್ಳಿದೆ.

ತಿರುವಿನಲ್ಲಿ ನಮ್ಮ ಓಣಿಯ ಹಿರಿಯರೊಬ್ಬರು ಎದುರಾದರು. ಮನೆಮನೆಗೆ ಹೋಗಿ ಸಾತ್ವಿಕ ಆಹಾರದ ಬಗ್ಗೆ ತಿಳಿಹೇಳುವವರು; ಉಳ್ಳಾಗಡ್ಡಿ ತಿನ್ನುವವರನ್ನೇ ಅನುಮಾನದಿಂದ ನೋಡುವವರು. ಅವರು ಗಾಡಿ ನಿಲ್ಲಿಸಿ, ಚೀಲ ಎತ್ತಿ, ಬಹಳ ಹೊತ್ತು ನೋಡಿದರು. ನಾನು ಉಪದೇಶಕ್ಕೆ ಸಿದ್ಧಳಾದೆ. ಅವರು ನಮ್ಮ ಯಜಮಾನರ ಹೆಗಲ ಮೇಲೆ ಕೈ ಹಾಕಿ ಬದಿಗೆ ಕರೆದುಕೊಂಡು ಹೋಗಿ, ನನಗೂ ಕೇಳಿಸುವಷ್ಟು ಮೆಲ್ಲಗೆ ಹೇಳಿದರು:

"ಸಾಕ್ರಿ, ಬ್ಯಾಡ ಅನ್ನೂದಿಲ್ಲ. ಆದರ ಒಂದು ಎರಡು ಸತ್ತಗಿತ್ತರ ಚೆಲ್ಲಾಕ ಹೋಗಬ್ಯಾಡ್ರಿ. ನನಗ ಹೇಳಿ ಕಳಸ್ರಿ. ನಮ್ಮ ಮನ್ಯಾಗಿನವರಿಗೆ ಮಾತ್ರ ಗೊತ್ತಾಗಬಾರದು."

ಉಪ್ಪು

ಟಾಕಿಗೆ ಬಂದ ಮೇಲೆ ಉಳಿದ ಮೀನುಗಳು ಬೇಗ ಹೊಂದಿಕೊಂಡವು. ದೊಡ್ಡಾಕಿ ತಳಕ್ಕೆ ಹೋಗಿ ಮೂಲೆ ಹಿಡಿದಳು. ಕಾಳು ಹಾಕಿದರೆ ತಿರುಗಿ ನೋಡಲಿಲ್ಲ. ಜಾಗ ಬದಲಾದಾಗ ದೊಡ್ಡ ಮೀನುಗಳು ಹೀಗೆ ಉಪವಾಸ ಬೀಳುತ್ತವೆ, ಹೆದರಬೇಡಿ ಎಂದು ಮೀನಿನ ಡಾಕ್ಟರು ಫೋನಿನಲ್ಲಿ ಹೇಳಿದರು. ಆದರೆ ಅವಳ ಜೊತೆಗೆ ನಮ್ಮ ಯಜಮಾನರೂ ಉಪವಾಸ ಬೀಳುತ್ತಾರೆಂದು ಡಾಕ್ಟರಿಗೆ ಗೊತ್ತಿರಲಿಲ್ಲ. ತಾಟಿನಲ್ಲಿ ರೊಟ್ಟಿ ಮುರಿಯುವರು, ಪೋರ್ಚಿನ ಕಡೆ ನೋಡುವರು, ಕೈ ತೊಳೆಯುವರು.

ಸುದ್ದಿ ಮೂಡಲಗಿಗೆ ಹೋಯಿತು. ಅಲ್ಲಿಗೆ ಮದುವೆ ಮಾಡಿ ಕೊಟ್ಟ ಯಜಮಾನರ ಅಕ್ಕ ಮರುದಿನವೇ ಬಸ್ಸಿಳಿದು ಬಂದರು. ತಮ್ಮನ ಮುಖ ನೋಡಿದರು, ಟಾಕಿ ನೋಡಿದರು, ನನ್ನನ್ನೂ ನೋಡಿದರು.

"ದೃಷ್ಟಿ ಆಗೇತಿ. ಓಣಿ ತುಂಬ ಮೆರವಣಿಗಿ ಮಾಡಿದ್ರ ಮತ್ತೇನ ಆಕ್ಕೈತಿ?" ಎಂದರು.

"ದೃಷ್ಟಿ ಅಲ್ರಿ ಅಕ್ಕಾರ. ಜಾಗ ಹೊಸದು, ಅದಕ್ಕ."

"ನೀ ಕಾನ್ವೆಂಟಿನಾಕಿ, ನಿನಗ ತಿಳಿಯೂದಿಲ್ಲ. ಆ ಕಡೆ ಸರಿ."

ಅಡುಗೆಮನೆಗೆ ಹೋಗಿ ಹಿಡಿ ತುಂಬ ಹರಳುಪ್ಪು, ಒಣಮೆಣಸಿನಕಾಯಿ ತಂದು ಟಾಕಿಯ ಸುತ್ತ ಇಳಿಸಿ ನಿವಾಳಿಸಿದರು. ನಿವಾಳಿಸಿದ್ದನ್ನು ಒಲೆಗೆ ಹಾಕುವುದು ಪದ್ಧತಿ. ನಮ್ಮ ಮನೆಯಲ್ಲಿ ಗ್ಯಾಸು. ಅವರು ಆಚೀಚೆ ನೋಡಿ, ಹತ್ತಿರ ಸಿಕ್ಕ ನೀರಿಗೇ ಹಾಕಲು ಕೈ ಎತ್ತಿದರು. ನಾನು ಅವರ ಮಣಿಕಟ್ಟು ಹಿಡಿದೆ. ಹಿರಿಯರ ಕೈ ಹಿಡಿದದ್ದು ಅದೇ ಮೊದಲು.

ಅಷ್ಟರಲ್ಲಿ ಡಾಕ್ಟರ ಫೋನು ಬಂತು. "ನೀರಿಗೆ ಸ್ವಲ್ಪ ಹರಳುಪ್ಪು ಹಾಕಿ. ಮೀನಿಗೆ ಆಯಾಸ ಕಡಿಮೆಯಾಗುತ್ತದೆ" ಎಂದರು. ಫೋನು ಸ್ಪೀಕರಿನಲ್ಲಿತ್ತು. ಅಕ್ಕ ನನ್ನ ಕಡೆ ನೋಡಿದರು. ನಾನು ಅವರ ಕೈ ಬಿಟ್ಟೆ. ಮೆಣಸಿನಕಾಯಿಗಳನ್ನು ಒಂದೊಂದಾಗಿ ಆರಿಸಿ ತೆಗೆದು, ಉಪ್ಪನ್ನು ಅಳತೆ ಮಾಡಿ, ಬಕೆಟ್ಟಿನಲ್ಲಿ ಕರಗಿಸಿ ಹಾಕಿದೆ.

ಆ ಸಂಜೆ ಅವರು ಮೂಡಲಗಿಗೆ ಫೋನು ಮಾಡಿ ಹೇಳುವುದು ಕೇಳಿಸಿತು: "ಡಾಕ್ಟರೂ ದೃಷ್ಟಿನ ಅಂದಾರ. ಉಪ್ಪಿನ ತನಕ ಅವರಿಗೂ ಗೊತ್ತೈತಿ. ಮೆಣಸಿನಕಾಯಿ ಇನ್ನ ಕಲತಿಲ್ಲ, ಪಾಪ."

ಒಳಗ ಯಾರೋ ಅದಾರ

ಹುಕ್ಕೇರಿಯಿಂದ ನನ್ನ ಸೋದರಮಾವ ಬಂದರು. ಯಾವ ಮುನ್ಸೂಚನೆಯೂ ಕೊಡದೆ ಬರುವುದು ಅವರ ಪದ್ಧತಿ. ಕಾಲು ತೊಳೆಯದೆ ಮನೆಯೊಳಗೆ ಹೋಗದಿರುವುದು ಕೂಡ. ನಮ್ಮ ಕಡೆ ಬಂದವರಿಗೆ ಬಾಗಿಲಲ್ಲಿ ನೀರು ಇಟ್ಟಿರುತ್ತಾರೆ. ಮಾವ ಚಪ್ಪಲಿ ಬಿಟ್ಟು ನೋಡಿದರೆ, ಬಾಗಿಲ ಪಕ್ಕದಲ್ಲೇ ಎದೆಮಟ್ಟ ನೀರು. ಸೊಸೆ ಕಾನ್ವೆಂಟಿನಲ್ಲಿ ಕಲಿತವಳು, ಕಾಲು ತೊಳೆಯುವ ನೀರನ್ನೂ ಹೀಗೆ ಇಡುತ್ತಾಳೆಂದು ತಿಳಿದರಂತೆ. ಬಲೆ ಸರಿಸಿ, ತಂಬಿಗೆ ಸಿಗದೆ, ಕೈಯನ್ನೇ ಮೊಣಕೈವರೆಗೆ ಇಳಿಸಿದರು.

ನಾನು ಒಳಗೆ ಪಲ್ಯಕ್ಕೆ ಒಗ್ಗರಣೆ ಕೊಡುತ್ತಿದ್ದೆ. ಹೊರಗಿನಿಂದ ಅವರ ದನಿ ಕೇಳಿಸಿತು. ಗಾಬರಿಯಿಲ್ಲ, ಗದ್ದಲವಿಲ್ಲ, ಬಸ್ಸಿನಲ್ಲಿ ಸೀಟು ಖಾಲಿ ಇಲ್ಲ ಎಂದು ಹೇಳುವ ದನಿ.

"ತಂಗೀ, ಒಳಗ ಯಾರೋ ಅದಾರ. ನನ್ನ ಕೈ ಹಿಡದಾರ."

ಓಡಿ ಬಂದೆವು. ದೊಡ್ಡಾಕಿ ಮೂಲೆ ಬಿಟ್ಟು ಮೇಲೆ ಬಂದಿದ್ದಳು. ಮಾವನ ಬೆರಳುಗಳನ್ನು ಬಾಯಲ್ಲಿ ಇಟ್ಟುಕೊಂಡು ಚೀಪುತ್ತಿದ್ದಳು. ಈ ಮೀನಿಗೆ ಹಲ್ಲು ಗಂಟಲಿನಲ್ಲಿರುತ್ತವೆ, ಕಚ್ಚುವುದಿಲ್ಲ. ಮಾವ ದಾರಿಯುದ್ದಕ್ಕೂ ಶೇಂಗಾ ಬೆಲ್ಲ ತಿನ್ನುತ್ತ ಬಂದಿದ್ದರು, ಅದರ ರುಚಿ.

ನಮ್ಮ ಯಜಮಾನರು ಕಾಳಿನ ಡಬ್ಬಿ ಎತ್ತಿಕೊಂಡರು. "ಮಾಮಾರ, ಕೈ ತೆಗೀಬ್ಯಾಡ್ರಿ. ಹಂಗ ನಿಂದರ್ರಿ."

ಮಾವ ನಿಂತರು. ಯಜಮಾನರು ಅವರ ಬೆರಳ ಸಂದಿಯಲ್ಲಿ ಒಂದೊಂದೇ ಕಾಳು ಇಟ್ಟರು, ದೊಡ್ಡಾಕಿ ತಿಂದಳು. ಮಾವನ ಇನ್ನೊಂದು ಕೈಗೆ ನಾನು ಚಹಾ ಕೊಟ್ಟೆ. ಆ ಮಧ್ಯಾಹ್ನ ಯಜಮಾನರು ಎರಡು ರೊಟ್ಟಿ ತಿಂದು ಮೂರನೆಯದು ಕೇಳಿದರು. ನಾನು ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ, ಒಗ್ಗರಣೆಯ ಘಾಟು.

ತೊಂದರೆ ಏನೆಂದರೆ, ಅವಳು ಮಾವನ ಕೈಯಿಂದ ಮಾತ್ರ ತಿನ್ನುತ್ತಿದ್ದಳು. ಸಂಜೆ ಬಸ್ಸಿಗೆ ಹೊರಟವರನ್ನು ನಾಳೆ ಹೋದರಾಯಿತು ಎಂದು ತಡೆದೆವು. ನಾಳೆಯೂ ಹಾಗೇ. ಕೊನೆಗೆ ಹುಕ್ಕೇರಿಯಿಂದ ಮಾವನ ಹೆಂಡತಿ, ಅಂದರೆ ಅತ್ತೆಯ ಫೋನು ಬಂತು. ಮಾವ ಬಹಳ ಗಾಂಭೀರ್ಯದಿಂದ ಉತ್ತರಿಸಿದರು: "ಇಲ್ಲೊಬ್ಬಾಕಿ ನನ್ನ ಕೈಯಾಗಿಂದ ತಿನಿಸಿದ್ರ ಅಷ್ಟ ಉಣ್ಣತಾಳ. ಬಿಟ್ಟು ಹ್ಯಾಂಗ ಬರಲಿ?"

ಅತ್ತೆ ಮುಂದಿನ ಬಸ್ಸಿಗೇ ಬಂದರು.

ತೀರ್ಥ

ಒಂದು ಮುಂಜಾನೆ ಕರೆಂಟು ಹೋಯಿತು. ಮೋಟಾರು ನಿಂತಿತು. ದೊಡ್ಡ ಮೀನುಗಳಿಗೆ ಚಿಕ್ಕ ಟಾಕಿಯಲ್ಲಿ ಗಾಳಿ ಬೇಗ ಸಾಲದಾಗುತ್ತದೆ. ಮೇಲೆ ಬಂದು ಬಾಯಿ ತೆರೆಯತೊಡಗಿದವು. ಅಂಥ ಹೊತ್ತಿನಲ್ಲಿ ನೀರನ್ನು ಎತ್ತರದಿಂದ ಸುರಿಯುತ್ತಿರಬೇಕು, ಗಾಳಿ ಬೆರೆಯುತ್ತದೆ. ನಾನು ಅಕ್ಕ, ಮಾವ, ಅತ್ತೆ, ಎಲ್ಲರ ಕೈಗೂ ಒಂದೊಂದು ತಂಬಿಗೆ ಕೊಟ್ಟು ಟಾಕಿಯ ಸುತ್ತ ನಿಲ್ಲಿಸಿದೆ. ತುಂಬುವುದು, ಎತ್ತುವುದು, ನಿಧಾನಕ್ಕೆ ಸುರಿಯುವುದು. ಕೈ ಸೋಲಬಾರದೆಂದು ಅಕ್ಕ ಹಾಡು ಹೇಳತೊಡಗಿದರು. ಅವರಿಗೆ ಬರುವುದು ಭಜನೆಯ ಹಾಡು ಮಾತ್ರ. ಆಗತಾನೆ ಪೂಜೆ ಮುಗಿಸಿ ಬಂದ ಯಜಮಾನರ ಹಣೆಯ ತುಂಬ ವಿಭೂತಿ.

ರಸ್ತೆಯಲ್ಲಿ ಹೋಗುವವರಿಗೆ ಕಂಡದ್ದು ಇಷ್ಟೇ: ತಂಬಿಗೆ, ಭಜನೆ, ವಿಭೂತಿ. ಒಬ್ಬಾಕೆ ಗೇಟಿನ ಹೊರಗೆ ಚಪ್ಪಲಿ ಬಿಟ್ಟು ಕೈ ಮುಗಿದು ನಿಂತಳು. ಅವಳನ್ನು ನೋಡಿ ಇನ್ನಿಬ್ಬರು. ಸ್ವಲ್ಪ ಹೊತ್ತಿಗೆ ಯಾರೋ ಕಾಯಿ ತಂದು ಗೇಟಿನ ಮುಂದೆ ಒಡೆದರು. ವಿವರಿಸಿ ಹೇಳಲು ನನಗೆ ಕೈ ಬಿಡುವಿರಲಿಲ್ಲ.

ಕರೆಂಟು ಬಂತು. ಮೀನುಗಳು ಕೆಳಗಿಳಿದವು. ಯಜಮಾನರು ತಂಬಿಗೆ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತರು. ಮೊದಲು ಬಂದ ಆಕೆ ಒಳಗೆ ಬಂದು, ನನ್ನ ಮುಂದೆ ಅಂಗೈ ಬಟ್ಟಲು ಮಾಡಿ ಹಿಡಿದಳು.

"ಇದು ದೇವರಲ್ಲ ಯವ್ವಾ, ಮೀನು" ಎಂದೆ.

ಅವಳು ಇಣುಕಿ ನೋಡಿದಳು. ದೊಡ್ಡಾಕಿ ಅವಳನ್ನು ನೋಡಿದಳು. "ನೀವು ಇಷ್ಟ ಮಂದಿ ಸೇವಾ ಮಾಡಾಕತ್ತೀರಿ. ಮೀನಿಗೆ ಯಾರಾದ್ರೂ ಹಿಂಗ ಮಾಡ್ತಾರೇನ್ರಿ ಬಾಯಾರ?" ಎಂದು, ತಾನೇ ಟಾಕಿಯಲ್ಲಿ ಬೆರಳು ಅದ್ದಿ ಕಣ್ಣಿಗೆ ಒತ್ತಿಕೊಂಡು ಹೋದಳು. ಹೋಗುವಾಗ ಕಾಯಿಯ ಅರ್ಧ ಹೋಳು ಕೇಳಿ ತೆಗೆದುಕೊಂಡಳು.

ಹೆಸರು

ಕೊಳ ಸಿದ್ಧವಾಯಿತು. ಹೊಸ ಸಿಮೆಂಟಿನ ಸುಣ್ಣ ನೀರಿಗೆ ಇಳಿದರೆ ಮೀನಿನ ಕಿವಿರು ಸುಡುತ್ತದೆ. ನಾನು ಕೊಳ ತುಂಬಿಸಿ ಖಾಲಿ ಮಾಡಿಸಿದೆ, ಮತ್ತೆ ತುಂಬಿಸಿ ಮತ್ತೆ ಖಾಲಿ ಮಾಡಿಸಿದೆ. "ಬಾಯಾರ, ನನ್ನ ಮಗಳ ಮದುವಿಗೆ ಪಾತ್ರೆ ಇಷ್ಟ ತೊಳದಿಲ್ರಿ" ಎಂದು ಕೊಳ ಕಟ್ಟಿದ ಗೌಂಡಿ ಹೇಳಿದ. ನೀರನ್ನು ಪರೀಕ್ಷಿಸಿ ಸರಿ ಎನಿಸಿದ ಮೇಲೆಯೇ ಒಪ್ಪಿದೆ.

ಉಳಿದವೆಲ್ಲ ಹೋದವು. ದೊಡ್ಡಾಕಿ ಉಳಿದಳು. ಇಷ್ಟು ವಯಸ್ಸಾದ ಮೀನು ಇನ್ನೊಮ್ಮೆ ಜಾಗ ಬದಲಾಯಿಸಿದರೆ ತಡೆಯುತ್ತದೋ ಇಲ್ಲವೋ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಯಜಮಾನರು ತಮ್ಮ ಹೊಸ ಧೋತರ ನೀರಿನಲ್ಲಿ ಅದ್ದಿ ತಂದರು. ಅವರು, ನಮ್ಮ ಮಗ, ಗೌಂಡಿ, ಅವನ ಜೊತೆಗಾರ ನಾಲ್ಕು ತುದಿ ಹಿಡಿದರು. ಉಸುಕು ತೆಗೆದ ಸಂದಿಯಲ್ಲಿ, ನಡುವೆ ನೀರಿನ ಸಮೇತ ದೊಡ್ಡಾಕಿ ಮೆಲ್ಲಗೆ ತೂಗುತ್ತ ಬಂದಳು.

ಕೊಳದ ದಂಡೆಯಲ್ಲಿ ಅಕ್ಕ ಅಡ್ಡ ನಿಂತರು. "ತಡೀರಿ."

"ಅಕ್ಕಾರ, ಈಗ ತಡಿಯೂ ಹೊತ್ತಲ್ಲ."

"ಕೂಸು ಧೋತರದಾಗ ತೂಗಾಕತ್ತೇತಿ. ಹೊಸಾ ಮನಿ ಐತಿ. ಸೋದರತ್ತಿ ಇಲ್ಲೇ ನಿಂತೀನಿ. ಹೆಸರಿಡದ ಹ್ಯಾಂಗ ಒಳಗ ಬಿಡ್ತೀರಿ?"

ನಮ್ಮಲ್ಲಿ ಕೂಸಿಗೆ ಹೆಸರಿಡುವವಳು ತಂದೆಯ ಅಕ್ಕತಂಗಿ. ತೊಟ್ಟಿಲ ಮೇಲೆ ಬಾಗಿ, ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುತ್ತಾಳೆ. ಆಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅಕ್ಕ ಧೋತರದ ಮೇಲೆ ಬಾಗಿದರು. "ಕಿವಿ ಎಲ್ಲೈತೋ ಇದಕ್ಕ?" ಯಜಮಾನರು ಅಷ್ಟೇ ಗಂಭೀರವಾಗಿ ಕಣ್ಣಿನ ಹಿಂದೆ ತೋರಿಸಿದರು. ಅಕ್ಕ ಕುರ್ರ್ ಎಂದು ಏನೋ ಪಿಸುಗುಟ್ಟಿದರು.

ಬೆನ್ನಿಗೆ ಗುದ್ದುವ ಹೆಂಗಸರ ಕೆಲಸವನ್ನು ಆ ದಿನ ದೊಡ್ಡಾಕಿಯೇ ಮಾಡಿದಳು. ಬಾಲ ಬೀಸಿ ಅಕ್ಕನ ಕೆನ್ನೆಗೆ ಕೊಟ್ಟಳು. ಗೌಂಡಿ ಕೈ ಬಿಟ್ಟ, ಧೋತರ ವಾಲಿತು, ಅವಳು ಜಾರಿ ನೀರಿಗೆ ಬಿದ್ದು ತಳಕ್ಕೆ ಹೋಗಿ ಕಾಣದಾದಳು.

ನಾವೆಲ್ಲ ದಂಡೆಯಲ್ಲಿ ನಿಂತೆವು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮಸುಕಾಗಿ ಒಂದು ಬಿಳುಪು, ಅದರ ಮೇಲೆ ಕೆಂಪು. ಅವಳು ಮೇಲೆ ಬಂದು, ಕೊಳವನ್ನು ಪೂರ್ತಿ ಒಂದು ಸುತ್ತು ಹಾಕಿ, ಯಜಮಾನರ ಮುಂದೆ ಬಂದು ಬಾಯಿ ತೆರೆದಳು. ಅವರ ಕೈಯಿಂದಲೇ ಕಾಳು ತಿಂದಳು. ಅವರು ಒದ್ದೆ ಧೋತರದ ತುದಿಯಿಂದ ಮುಖ ಒರೆಸಿಕೊಂಡರು. ಅದೇ ತುದಿಯಿಂದ ಅಕ್ಕನೂ ಕೆನ್ನೆ ಒರೆಸಿಕೊಂಡರು.

"ಏನ್ ಹೆಸರ ಇಟ್ರಿ ಅಕ್ಕಾರ?" ಎಂದು ಕೇಳಿದೆ.

"ನಿಂದ."

"ನಂದೇನ್ರಿ?"

"ಮತ್ತ? ಇಷ್ಟ ದಿವಸ ನೋಡೀನಿ. ನೀರ ಚಲೋ ಇರಲಿಲ್ಲಂದ್ರ ಮಾರಿ ತಿರುವತಾಳ. ಯಾರ ಮಾತೂ ಕೇಳೂದಿಲ್ಲ. ನನ್ನ ತಮ್ಮ ಅಕಿ ಮುಂದ ಕೈ ಕಟ್ಟಿ ನಿಂದರತಾನ. ಬ್ಯಾರೆ ಹೆಸರ ಯಾಕ ಹುಡುಕ್ಯಾಡಲಿ?"

ಅಕ್ಕ ಹೊರಡುವಾಗ ಸೋದರತ್ತೆಗೆ ಸಲ್ಲಬೇಕಾದ ಸೀರೆಯನ್ನು ಉಡಿ ತುಂಬಿ ಕೊಟ್ಟೆ. ಬಣ್ಣ ಸರಿಯಿಲ್ಲ ಎಂದು ಹೇಳಿ ಒಯ್ದರು.

ಒಂದು ಮಾತು ಹೇಳಬೇಕು. ನಮ್ಮ ಕಾಲದ ಗಂಡಸರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವವರಲ್ಲ. ಮದುವೆಯಾದಂದಿನಿಂದ ನಾನು ನಮ್ಮ ಯಜಮಾನರಿಗೆ 'ಏ, ಕೇಳಿಲ್ಲಿ' ಮಾತ್ರ. ಮರುದಿನ ಬೆಳಿಗ್ಗೆ ಚಹಾ ಸೋಸುತ್ತಿದ್ದೆ. ಹಿತ್ತಲಿನಿಂದ ನನ್ನ ಹೆಸರು ಕೇಳಿಸಿತು. ಅವರದೇ ದನಿ. ಬಹಳ ಮೃದುವಾಗಿ, ಎಳೆದು, ಎರಡು ಸಲ ಕರೆದರು. ಸೋಸುವುದನ್ನು ಅಲ್ಲೇ ಬಿಟ್ಟು, ಸೆರಗು ಸರಿಮಾಡಿಕೊಂಡು, ನನ್ನ ವಯಸ್ಸಿಗೆ ಒಪ್ಪದ ವೇಗದಲ್ಲಿ ಹೋದೆ.

ಅವರು ಅಂಗೈಯಲ್ಲಿ ಕಾಳು ಹಿಡಿದು ಕೊಳದ ದಂಡೆಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಬಾಯಿಗೆ ಬೆರಳು ಇಟ್ಟುಕೊಂಡು ಸುಮ್ಮನಿರಲು ಸನ್ನೆ ಮಾಡಿದರು.

"ನಿನಗಲ್ಲ," ಎಂದರು. "ಸರದ ನಿಂದರು. ಅಕಿ ಬರಾಕತ್ತಾಳ."