ಬಿಳಿ ತಟ್ಟೆಗೆ ಬಿದ್ದ ನುಸಿ

ಹೆದರುವುದಕ್ಕೂ ಒಂದು ಯೋಗ್ಯತೆ ಬೇಕು. ಅದು ನನ್ನಲ್ಲಿ ಧಾರಾಳವಾಗಿದೆ. ಹುಮನಾಬಾದಿನ ನಮ್ಮ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯುವ ಮೊದಲೇ ನಾನು ಅಂಗಳದಲ್ಲಿರುತ್ತೇನೆ. ಇಂಥವನು ಜೇನು ಸಾಕಬಾರದಿತ್ತು. ಆದರೂ ಹಿತ್ತಲಲ್ಲಿ ಒಂದು ಪೆಟ್ಟಿಗೆ ಇಟ್ಟುಕೊಂಡು, ಅದಕ್ಕೆ ಬಿಸಿಲು ಬಿದ್ದರೂ ಮಳೆ ಬಿದ್ದರೂ ಹೆದರುತ್ತಾ ಮಗುವಿನಂತೆ ಬೆಳೆಸಿದ್ದೆ. ಈಚೆಗೆ ಅದರ ಬಾಗಿಲಲ್ಲಿ ರೆಕ್ಕೆ ಸೊಟ್ಟಗಾದ ಹುಳವೊಂದು ತೆವಳುವುದನ್ನು ಕಂಡೆ. ಪೆಟ್ಟಿಗೆ ಕೊಟ್ಟ ಬಸವಕಲ್ಯಾಣದ ಶಿವಶರಣಪ್ಪನವರಿಗೆ ಫೋನು ಹಚ್ಚಿದೆ.

“ನುಸಿ ಹತ್ತಿರಬೇಕ್ರಿ. ಹುಳದ ಮೈಗಿ ಅಂಟಿ ಒಳಗಿಂದೊಳಗ ಹೀರ್ತಾವ. ಒಂದಿಷ್ಟು ಹುಳ ಬಾಟ್ಲಿದಾಗ ಹಾಕ್ರಿ, ಬಾಯಿಗಿ ಹುಳ ಹೊರಬೀಳದಂಥ ಸಣ್ಣ ತೂತಿನ ಜಾಳಗಿ ಕಟ್ರಿ, ಸಕ್ಕರಿ ಪುಡಿ ಉದುರಿಸಿ ಮೆಲ್ಲಕ ಹೊಳ್ಳಾಡಸ್ರಿ. ಆಮ್ಯಾಲ ಬಿಳಿ ತಾಟಿನ್ಯಾಗ ಝಾಡಸ್ರಿ. ನುಸಿ ಇದ್ರ ಕೆಂಪಗ ಉದರ್ತಾವ. ಹುಳಕ್ಕೇನೂ ಆಗಲ್ರಿ,” ಎಂದರು.

“ಭಾಳ ಉದುರಿದ್ರ?”

“ಭಾಳ ಇದ್ರ ಗೂಡು ಉಳಿಯೋದು ಕಷ್ಟ ಅದರಿ.”

ನಾಗರ ಪಂಚಮಿ ಹತ್ತಿರವಿತ್ತು. ಉಂಡಿಗೆಂದು ಬೀಸಿಟ್ಟ ಸಕ್ಕರೆ ಪುಡಿ ಅಡುಗೆಮನೆಯ ಡಬ್ಬಿಯಲ್ಲೇ ಇತ್ತು. ಹೆಂಡತಿಯನ್ನು ಕೇಳದೆ ತೆಗೆದುಕೊಂಡೆ, ಕೇಳುವುದಕ್ಕೂ ಹೆದರಿಕೆಯೇ. ನನ್ನ ಕೈ ತಾನಾಗಿಯೇ ನಡುಗುತ್ತಿದ್ದುದರಿಂದ ಬಾಟಲಿ ಅಲ್ಲಾಡಿಸುವ ಶ್ರಮ ಬೇಕಾಗಲಿಲ್ಲ. ಬಿಳಿ ತಟ್ಟೆಗೆ ಝಾಡಿಸಿ ನೋಡಿದೆ. ತುಂಬ ಕಂದು ಚುಕ್ಕೆಗಳು! ನನ್ನ ಗೂಡಿನ ಕಥೆ ಮುಗಿಯಿತು. ಊರಿನ ಜೇನಿಗೆಲ್ಲ ಹಬ್ಬುವ ಮೊದಲು ಪೆಟ್ಟಿಗೆಯನ್ನೇ ಸುಟ್ಟುಬಿಡಬೇಕೆಂದು, ಯಾರೂ ಹೇಳದಿದ್ದರೂ ನಾನೇ ತೀರ್ಮಾನಿಸಿ, ಕಣ್ಣೊರೆಸಿಕೊಳ್ಳುತ್ತಾ ಬೆಂಕಿಪೆಟ್ಟಿಗೆ ತಂದೆ.

“ಏನ್ ನಡಸೀರಿ?” ಎನ್ನುತ್ತಾ ಹೆಂಡತಿ ಬಂದಳು. ತಟ್ಟೆ ತೋರಿಸಿದೆ. ಬಗ್ಗಿ ಮೂಸಿದಳು.

“ನನ್ನ ಉಂಡಿ ಸಕ್ಕರಿ ಮುಟ್ಟಂತ ನಿಮಗ ಯಾರ್ ಹೇಳ್ಯಾರ? ಇವು ನುಸಿ ಅಲ್ರಿ, ಯಾಲಕ್ಕಿ! ನಾನೇ ಸಕ್ಕರಿ ಸಂಗಟ ಹಾಕಿ ಬೀಸೀನಿ.”

ಹೋದ ಜೀವ ಮರಳಿ ಬಂತು. ಕಡ್ಡಿಪೆಟ್ಟಿಗೆ ಎಸೆದು ನಕ್ಕೆ. ಖಾತ್ರಿಗಾಗಿ ಬೆರಳು ಒದ್ದೆ ಮಾಡಿ, ಚುಕ್ಕೆಗಳ ಮೇಲೆ ಒತ್ತಿ ನೆಕ್ಕಿದೆ. ಏಲಕ್ಕಿಯೇ. ಸಂತೋಷಕ್ಕೆ ಇನ್ನೊಮ್ಮೆ ನೆಕ್ಕಿದೆ. ಮತ್ತೆ ಬೆರಳು ಚಾಚಿದಾಗ ಒಂದು ಏಲಕ್ಕಿ ಮೆಲ್ಲಗೆ ಪಕ್ಕಕ್ಕೆ ಸರಿದು ನಡೆಯತೊಡಗಿತು.

“ಒಂದೇ ಆದ್ರ ಚಿಂತಿ ಬ್ಯಾಡ್ರಿ, ನಿಗಾ ಇಡ್ರಿ ಸಾಕು,” ಎಂದರು ಶಿವಶರಣಪ್ಪ, ಮತ್ತೆ ಫೋನು ಹಚ್ಚಿದಾಗ. ತಟ್ಟೆಯಲ್ಲಿ ಉಳಿದದ್ದನ್ನು ಮಾತ್ರ ಅವರಿಗೆ ಹೇಳಿದ್ದೆ, ನೆಕ್ಕಿದ್ದನ್ನು ಹೇಳಲಿಲ್ಲ. ಗೂಡೇನೋ ಚೆನ್ನಾಗಿದೆ. ನಾನು ಮಾತ್ರ, ಹೆಂಡತಿ ಉಂಡಿ ಕೊಟ್ಟರೆ ಅದನ್ನು ಮುರಿದು ಬಿಳಿ ತಟ್ಟೆಯಲ್ಲಿಟ್ಟು, ಏನಾದರೂ ನಡೆಯುತ್ತದೆಯೇ ಎಂದು ಸ್ವಲ್ಪ ಹೊತ್ತು ಕಾಯುತ್ತೇನೆ.