ಖಾಲಿ ಹೊಟ್ಟೆ, ಖಾಲಿ ಚಾ

ಕೆಲವು ಕಾಯಿಲೆಗಳಿಗೆ ಒಂದು ಘನತೆ ಇರುತ್ತದೆ. ಹೃದಯದ ತೊಂದರೆ ಎಂದರೆ ಜನ ಮೂಸಂಬಿ ಹಿಡಿದುಕೊಂಡು ನೋಡಲು ಬರುತ್ತಾರೆ, ಮಂಚದ ಪಕ್ಕ ನಿಂತು ಧ್ವನಿ ತಗ್ಗಿಸಿ ಮಾತಾಡುತ್ತಾರೆ. ಕಾಲು ಮುರಿದರೆ ಲೋಕಲ್ ರೈಲಿನಲ್ಲಿ ಯಾರಾದರೂ ಎದ್ದು ಸೀಟು ಕೊಟ್ಟಾರು. ಥೈರಾಯ್ಡ್‌ಗೆ ಈ ಭಾಗ್ಯ ಯಾವುದೂ ಇಲ್ಲ. ಥೈರಾಯ್ಡ್ ಇದೆ ಎಂದು ಹೇಳಿದ ಕೂಡಲೇ ಎದುರಿಗಿರುವವರು ಮೂಸಂಬಿಯ ಬದಲು ಸಲಹೆ ಕೊಡುತ್ತಾರೆ, ಅದೂ ತಮ್ಮ ಅತ್ತಿಗೆಗೂ ಇದೆ ಎಂಬ ಪೀಠಿಕೆಯೊಂದಿಗೆ. ಮುಂಬಯಿಯಲ್ಲಿ ಇಷ್ಟೊಂದು ಅತ್ತಿಗೆಯಂದಿರು ಇದ್ದಾರೆಂದು ನನಗೆ ಗೊತ್ತಾದದ್ದೇ ಈ ಕಾಯಿಲೆ ಬಂದ ಮೇಲೆ.

ನನ್ನಲ್ಲಿ ಏನೋ ಕೆಟ್ಟಿದೆ ಎಂದು ಮೊದಲು ಪತ್ತೆ ಹಚ್ಚಿದವರು ಡಾಕ್ಟರಲ್ಲ, ನಮ್ಮ ಓದುಗರು. ನಾನು ಇಲ್ಲಿಯ ಒಂದು ಕನ್ನಡ ದಿನಪತ್ರಿಕೆಯಲ್ಲಿ ಮುಖಪುಟ ನೋಡಿಕೊಳ್ಳುವ ಉಪಸಂಪಾದಕ. ಇನ್ನೊಬ್ಬರು ಬರೆದದ್ದರಲ್ಲಿ ತಪ್ಪು ಹುಡುಕುವುದು ನನ್ನ ಹೊಟ್ಟೆಪಾಡು. ಕೆಲವು ತಿಂಗಳಿಂದ ಕೂತಲ್ಲೇ ಕಣ್ಣು ಎಳೆಯುತ್ತಿತ್ತು. ಏಪ್ರಿಲ್‌ನಲ್ಲೂ ಫ್ಯಾನಿನ ಗಾಳಿಗೆ ಚಳಿಯಾಗುತ್ತಿತ್ತು. ವಯಸ್ಸಿನ ಮೇಲೆ, ಲೋಕಲ್‌ನ ನೂಕುನುಗ್ಗಲಿನ ಮೇಲೆ, ಕೊನೆಗೆ ನಮ್ಮ ವರದಿಗಾರರ ಗದ್ಯದ ಮೇಲೆ ತಪ್ಪು ಹೊರಿಸಿ ದಿನ ತಳ್ಳುತ್ತಿದ್ದೆ. ಹಾಗಿರುವಾಗ ಒಂದು ದಿನ ಪೈಪು ಒಡೆದು ಪಶ್ಚಿಮದ ಉಪನಗರಗಳಿಗೆ ನೀರು ಬಂದಿರಲಿಲ್ಲ. ‘ನಿನ್ನೆ ನೀರಿಲ್ಲ’ ಎಂದಿರಬೇಕಾದ ಶೀರ್ಷಿಕೆ ನನ್ನ ಕಣ್ಣ ಕೆಳಗೇ ‘ನಾಳೆ ನೀರಿಲ್ಲ’ ಎಂದು ಅಚ್ಚಾಯಿತು. ಮಲಾಡ್‌ನಿಂದ ಬೋರಿವಲಿವರೆಗಿನ ಕನ್ನಡಿಗರು ಬಕೆಟ್, ಡ್ರಮ್ಮು, ಪ್ರೆಷರ್ ಕುಕ್ಕರ್ ಎಲ್ಲದರಲ್ಲೂ ನೀರು ತುಂಬಿಸಿಟ್ಟರು. ಮರುದಿನ ನಲ್ಲಿಯಲ್ಲಿ ಎಂದಿಗಿಂತ ಜೋರಾಗಿ ನೀರು ಬಂತು, ಕಚೇರಿಗೆ ಅಷ್ಟೇ ಜೋರಾಗಿ ಓದುಗರ ಫೋನುಗಳು ಬಂದವು. ನನ್ನ ಹೆಂಡತಿ ಶಶಿಕಲಾ ಇಡ್ಲಿ ಬೇಯಿಸುವ ಅಟ್ಟದ ಪಾತ್ರೆಯಲ್ಲೂ ನೀರು ಹಿಡಿದಿಟ್ಟಿದ್ದಳು. ನನ್ನನ್ನೇ ನೋಡುತ್ತಾ ಅವಳು ಅದನ್ನು ಚೆಲ್ಲಿದಳು. ಬೈದಿದ್ದರೆ ಒಳ್ಳೆಯದಿತ್ತು.

ಸಂಪಾದಕರು ನನ್ನ ಮುಖವನ್ನು ತುಸು ಹೊತ್ತು ನೋಡಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು. ವರದಿ ಬಂತು. ಟಿಎಸ್‌ಎಚ್ ಎಂಬ, ಥೈರಾಯ್ಡ್ ಸೋತಷ್ಟೂ ಏರುವ ಅಂಶ ಇರಬೇಕಾದ್ದಕ್ಕಿಂತ ಎಷ್ಟೋ ಮೇಲಿತ್ತು. ಸಂಪಾದಕರು ಅದನ್ನು ಸುದ್ದಿಯ ಪ್ರತಿ ಓದುವ ಹಾಗೆ ಓದಿ, “ರಾಯರೇ, ಇದು ಸರಿಯಾಗುವವರೆಗೆ ಮುಖಪುಟ ಬೇಡ. ಸದ್ಯ ಆರೋಗ್ಯ ಪುಟ ನೋಡಿಕೊಳ್ಳಿ” ಎಂದರು. ಇಡೀ ಕಚೇರಿಯಲ್ಲಿ ಆರೋಗ್ಯ ಸರಿಯಿಲ್ಲದವನು ನಾನೊಬ್ಬನೇ ಆದ್ದರಿಂದ ಆ ಪುಟ ನನಗೇ ಬಂತು. ಮುಖಪುಟದಿಂದ ಆರೋಗ್ಯ ಪುಟಕ್ಕೆ ಹೋಗುವುದೆಂದರೆ ವಿರಾರ್ ಫಾಸ್ಟ್ ರೈಲಿನಿಂದ ಇಳಿಸಿ ಸ್ಲೋ ಗಾಡಿ ಹತ್ತಿಸಿದ ಹಾಗೆ. ಊರು ಸೇರುವುದೇನೋ ಸೇರುತ್ತೇವೆ, ಆದರೆ ಯಾರೂ ಕಾಯುತ್ತಿರುವುದಿಲ್ಲ. ಮರಳಿ ಫಾಸ್ಟ್ ಹತ್ತಬೇಕಾದರೆ ಆ ಸಂಖ್ಯೆ ಇಳಿಯಬೇಕಿತ್ತು.

ಮಲಾಡ್‌ನ ಡಾಕ್ಟರ್ ಮೇಡಮ್ ಒಂದು ಪುಟ್ಟ ಬಿಳಿ ಗುಳಿಗೆ ಬರೆದುಕೊಟ್ಟರು. ದಿನಾ ಬೆಳಿಗ್ಗೆ ‘ಖಾಲಿ ಪೇಟ್’, ಅಂದರೆ ಖಾಲಿ ಹೊಟ್ಟೆಯಲ್ಲಿ, ನುಂಗಬೇಕು ಎಂದರು. ಊಟದ ಬಗ್ಗೆ ಚಕಾರವೆತ್ತಲಿಲ್ಲ. ಪಥ್ಯ ಹೇಳದ ಡಾಕ್ಟರನ್ನು ನಮ್ಮ ಜನ ನಂಬುವುದು ಕಷ್ಟ. ಫೀಸು ಕೊಟ್ಟ ಮೇಲೆ ಏನಾದರೊಂದು ಬಿಡಬೇಡವೇ? ಈ ಕೊರತೆಯನ್ನು ಶಶಿಯ ವಾಟ್ಸಾಪ್ ಗುಂಪು ತುಂಬಿಕೊಟ್ಟಿತು. ಎಲೆಕೋಸು, ಹೂಕೋಸು, ಮೂಲಂಗಿ, ಸೋಯಾ, ಸಜ್ಜೆ, ಒಂದೂ ಮುಟ್ಟಬಾರದು ಎಂಬ ಫರ್ಮಾನು ಬಂತು. ಸುದ್ದಿಮನೆಯಲ್ಲಿ ನಾನು ಎರಡನೇ ಮೂಲವಿಲ್ಲದೆ ಒಂದು ಸಾಲನ್ನೂ ಬಿಡುವವನಲ್ಲ. ಆದರೆ ಈ ಸುದ್ದಿಯನ್ನು ತಕ್ಷಣ ನಂಬಿದೆ. ಕಾರಣ ಇಷ್ಟೇ, ನನಗೆ ಕೋಸಿನ ಪಲ್ಯ ಮೊದಲಿನಿಂದಲೂ ಆಗುವುದಿಲ್ಲ. ಮುಂಬಯಿಯ ಗೃಹಿಣಿಯರಿಗೆ ಅವಸರವಾದಾಗಲೆಲ್ಲ ನೆನಪಾಗುವ ತರಕಾರಿ ಅದು, ಮತ್ತು ಮುಂಬಯಿಯಲ್ಲಿ ಅವಸರವಿಲ್ಲದ ದಿನವಿಲ್ಲ. ಮದುವೆಯಾದಂದಿನಿಂದ ಬಾಯಿಬಿಟ್ಟು ಬೇಡ ಎನ್ನಲಾಗದೆ ನುಂಗಿಕೊಂಡು ಬಂದದ್ದನ್ನು ವೈದ್ಯಶಾಸ್ತ್ರವೇ ತಟ್ಟೆಯಿಂದ ತೆಗೆಯುತ್ತೇನೆಂದರೆ ನಾನೇಕೆ ಅಡ್ಡ ಬರಲಿ? ಎಣ್ಣೆಯಲ್ಲಿ ಕರಿದ ಬನ್ಸು, ಗೋಳಿಬಜೆಗಳ ಬಗ್ಗೆ ಗುಂಪು ಏನೂ ಹೇಳಿರಲಿಲ್ಲ. ನಾನೂ ಕೇಳಲು ಹೋಗಲಿಲ್ಲ.

ಸಜ್ಜೆಯ ವಿಷಯಕ್ಕೆ ಮಾತ್ರ ಎದುರುಮನೆಯ ಕಲ್ಲಪ್ಪನವರು ಬೇಸರ ಮಾಡಿಕೊಂಡರು. ಅವರು ವಿಜಾಪುರ ಕಡೆಯವರು, ಕಟ್ಟಡ ಕೆಲಸದ ಸೂಪರ್‌ವೈಸರ್. ಅವರ ಮನೆಯಿಂದ ಬಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ನಾನು ಕಾಯಿಲೆಯ ಕಾರಣ ಹೇಳಿ ಹಿಂದಿರುಗಿಸಿದ್ದೆ.

“ಏನ್ರೀ ಸಾಹೇಬ್ರ, ನಮ್ಮ ಮುತ್ಯಾ ಜಲ್ಮೆಲ್ಲಾ ಸಜ್ಜಿ ರೊಟ್ಟಿ ತಿಂದು ಎತ್ತಿನಂಗ ದುಡದಾನ. ನಿಮಗ ಈ ರೋಗ ರೊಟ್ಟಿಯಿಂದ ಬಂದಿಲ್ಲ, ಈ ಊರಿನ ಧೂಳು ನುಂಗಿ ಬಂದೈತಿ” ಎಂದರು.

ಮಾತಿನಲ್ಲಿ ತಥ್ಯವಿದ್ದೀತು ಅನ್ನಿಸಿತು. ಆ ಧೂಳಿನ ಬಗ್ಗೆ ಅವರಷ್ಟು ಅಧಿಕಾರದಿಂದ ಮಾತಾಡುವವರು ನಮ್ಮ ಬಿಲ್ಡಿಂಗಿನಲ್ಲಿ ಇನ್ನೊಬ್ಬರಿಲ್ಲ. ಪಕ್ಕದ ಹಳೆಯ ಬಿಲ್ಡಿಂಗನ್ನು ಕೆಡವಿಸುತ್ತಿದ್ದವರು ಅವರೇ.

ಅಂದಿನಿಂದ ಪಥ್ಯಕ್ಕೆ ಗಾಳಿಯೂ ಸೇರಿತು. ಬೆಳಿಗ್ಗೆ ಎದ್ದ ಕೂಡಲೇ ಮೊಬೈಲಿನಲ್ಲಿ ಗಾಳಿಯ ಗುಣಮಟ್ಟ ನೋಡುತ್ತಿದ್ದೆ. ಪರದೆ ಕೆಂಪಗಿದ್ದರೆ ವಾಕಿಂಗ್ ರದ್ದು, ಕಿತ್ತಳೆಯಾಗಿದ್ದರೆ ಮಾಸ್ಕು, ಹಸಿರಾಗಿದ್ದರೆ ಮೊಬೈಲ್ ಕೆಟ್ಟಿದೆ ಎಂದು ಅರ್ಥ. ಲೋಕಲ್‌ನ ಹಳಿಯ ಪಕ್ಕದಲ್ಲಿ, ಕಣ್ಣಾರೆ ನೋಡಿದ ಮೋರಿಯ ನೀರು ಕುಡಿದು ಬೆಳೆದ ಪಾಲಕ್ಕನ್ನು ಶಶಿ ಉಪ್ಪುನೀರಲ್ಲಿ ನೆನೆಸಿ, ತೊಳೆದು, ಮತ್ತೆ ತೊಳೆದು ಬೇಯಿಸುತ್ತಿದ್ದಳು. ಆಮೇಲೆ ಕಿಟಕಿ ತೆಗೆದರೆ ಸಿಮೆಂಟಿನ ಒಗ್ಗರಣೆ ತಾನಾಗಿ ಬೀಳುತ್ತಿತ್ತು. ಮುಚ್ಚಿದರೆ ಒಗ್ಗರಣೆಯ ಹೊಗೆ ನಮ್ಮನ್ನೇ ಬೇಯಿಸುತ್ತಿತ್ತು. ಇತ್ತ ಆರೋಗ್ಯ ಪುಟದಲ್ಲಿ ನಾನು ಒಂದು ವಾರ ‘ಕೋಸು ತಿನ್ನಿ, ರೋಗ ದೂರವಿಡಿ’ ಎಂಬ ಲೇಖನವನ್ನೂ ಮರುವಾರ ‘ಥೈರಾಯ್ಡೇ? ಕೋಸಿನಿಂದ ದೂರವಿರಿ’ ಎಂಬ ಲೇಖನವನ್ನೂ ಹಾಕಿದೆ. ಎರಡರಲ್ಲೂ ಒಂದೂ ಕಾಗುಣಿತದ ತಪ್ಪಿರಲಿಲ್ಲ.

ಇಷ್ಟಾಗಿಯೂ ಮುಂದಿನ ಪರೀಕ್ಷೆಯಲ್ಲಿ ಸಂಖ್ಯೆ ಮೇಲೇರಿತು. ಡಾಕ್ಟರ್ ಗುಳಿಗೆಯ ಪ್ರಮಾಣ ಹೆಚ್ಚಿಸಿದರು. ಅದರ ಮುಂದಿನ ಸಲವೂ ಇಳಿಯಲಿಲ್ಲ. ಪ್ರತಿ ಸಲವೂ ಅವರು ಖಾಲಿ ಹೊಟ್ಟೆಯಲ್ಲೇ ತಗೊಳ್ತೀರಲ್ಲ ಎಂದು ಕೇಳುತ್ತಿದ್ದರು. ನಾನು ಹೌದೆನ್ನುತ್ತಿದ್ದೆ. ಮೂರನೆಯ ಸಲ ಅವರು ಕಾಗದದಲ್ಲಿ ದೊಡ್ಡ ಆಸ್ಪತ್ರೆಯ ಹೆಸರು ಬರೆಯತೊಡಗಿದರು. ನನ್ನ ಕಣ್ಣ ಮುಂದೆ ಮುಖಪುಟವು ಪ್ಲಾಟ್‌ಫಾರ್ಮ್ ಬಿಟ್ಟ ಗಾಡಿಯಂತೆ ದೂರ ಸರಿಯತೊಡಗಿತು. ಅಂದು ಜೊತೆಗೆ ಬಂದಿದ್ದ ಶಶಿಗೆ, ತನ್ನ ಗಂಡನ ಶಿಸ್ತನ್ನು ಡಾಕ್ಟರ್ ಸಂಶಯಿಸುತ್ತಿದ್ದಾರೆ ಅನ್ನಿಸಿರಬೇಕು.

“ಏಕ್‌ದಮ್ ಖಾಲಿ ಪೇಟ್, ಮೇಡಮ್” ಎಂದಳು. “ಬಿಸ್ಕುಟ್ ಭೀ ನಹೀ ದೇತಿ. ಸಿರ್ಫ್ ಖಾಲಿ ಚಾಯ್ ಕೆ ಸಾಥ್ ಲೇತೇ ಹೈ.”

ಗುಳಿಗೆ ಬರೀ ಖಾಲಿ ಚಾದ ಜೊತೆ ಎಂದು ಕೇಳಿದ್ದೇ ಡಾಕ್ಟರ್ ಪೆನ್ನು ಕೆಳಗಿಟ್ಟರು.

ಇಲ್ಲಿ ನಮ್ಮ ಪರವಾಗಿ ಎರಡು ಮಾತು ಹೇಳಬೇಕು. ನಾವು ಉಡುಪಿ ಕಡೆಯವರು. ಅರ್ಧ ಬಳಗ ಹೋಟೆಲಿನಲ್ಲೇ ಬದುಕಿದೆ. ನಮ್ಮಲ್ಲಿ ಪಲ್ಯವಿಲ್ಲದ ದೋಸೆ ಖಾಲಿ ದೋಸೆ, ಜೊತೆಗೆ ತಿನ್ನಲು ಏನೂ ಇಲ್ಲದ ಚಾ ಖಾಲಿ ಚಾ. ಎರಡು ಲೋಟ ಕುಡಿದ ನೆಂಟರೂ ‘ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕಿಲ್ಲ’ ಎಂದೇ ಹೇಳುತ್ತಾರೆ, ಕೇಳಿದವರು ನಂಬುತ್ತಾರೆ. ಚಾ ಎಂಬುದು ನಮಗೆ ಆಹಾರವಲ್ಲ, ಬೆಳಗಾಗಿದೆ ಎಂಬುದಕ್ಕೆ ಪುರಾವೆ. ಖಾಲಿ ಹೊಟ್ಟೆಗೆ ಖಾಲಿ ಚಾ ಸುರಿದರೆ ಹೊಟ್ಟೆ ಖಾಲಿಯಾಗಿಯೇ ಉಳಿಯಬೇಕು. ಸೊನ್ನೆಗೆ ಸೊನ್ನೆ ಕೂಡಿಸಿದರೆ ಇನ್ನೇನು ಬಂದೀತು?

ಟಿಎಸ್‌ಎಚ್ ಬಂದೀತು ಎಂದು ಡಾಕ್ಟರ್ ವಿವರಿಸಿದರು. ಹಾಲು ಹಾಕಿದ ಚಾ ಆ ಗುಳಿಗೆಯನ್ನು ಮೈಗೆ ಸರಿಯಾಗಿ ಹತ್ತಲು ಬಿಡುವುದಿಲ್ಲವಂತೆ. ನೀರಿನಲ್ಲಿ ನುಂಗಿ ಒಂದು ಗಂಟೆ ಸುಮ್ಮನಿರಬೇಕಂತೆ. ಹಾಗಾದರೆ ಕೋಸು, ಹೂಕೋಸು, ಸಜ್ಜೆ ಎಂದು ನಾನು ತಡವರಿಸಿದೆ. ಬೇಯಿಸಿ, ಎಲ್ಲರ ಹಾಗೆ ಹಿತಮಿತವಾಗಿ ತಿನ್ನಿ, ಏನೂ ಆಗುವುದಿಲ್ಲ ಎಂದರು. ಶಶಿ ನನ್ನ ಕಡೆ ತಿರುಗಿದಳು. ನಮ್ಮ ಸಂಸಾರದಲ್ಲಿ ಆ ನೋಟವನ್ನು ನಾನು ಹಿಂದೆ ಕಂಡದ್ದು ಆ ಇಡ್ಲಿಯ ಅಟ್ಟದ ದಿನವಷ್ಟೇ.

ಮರುದಿನ ನೀರಿನಲ್ಲಿ ಗುಳಿಗೆ ನುಂಗಿ ಕೂತೆ. ಎದುರಿಗೆ ಶಶಿ ತನ್ನ ಚಾ ಕುಡಿದಳು. ಶುಂಠಿ ಜಜ್ಜಿ ಹಾಕಿದ್ದಳು. ಇಷ್ಟು ವರ್ಷ ಒಟ್ಟಿಗೆ ಕುಡಿಯುತ್ತಿದ್ದವರು, ಈಗ ಒಬ್ಬರು ಕುಡಿಯುವುದನ್ನು ಇನ್ನೊಬ್ಬರು ನೋಡುವುದು. ಇಡೀ ತರಕಾರಿ ಮಾರುಕಟ್ಟೆಯನ್ನೇ ತ್ಯಾಗ ಮಾಡಿದವನಿಗೆ ಈ ಒಂದು ಲೋಟವನ್ನು ಒಂದು ಗಂಟೆ ಮುಂದೆ ಹಾಕುವುದು ಅಷ್ಟು ಕಷ್ಟವಾದೀತೆಂದು ಗೊತ್ತಿರಲಿಲ್ಲ. ಇಷ್ಟವಿಲ್ಲದ್ದನ್ನು ಬಿಡುವುದಕ್ಕೆ ಪಥ್ಯ ಎಂಬ ಹೆಸರು ಸಲ್ಲುವುದಿಲ್ಲ ಎಂದು ಅಂದು ಅರ್ಥವಾಯಿತು. ಮಧ್ಯಾಹ್ನ ತಟ್ಟೆಯಲ್ಲಿ ಕೋಸಿನ ಪಲ್ಯವಿತ್ತು.

“ಡಾಕ್ಟ್ರೇ ಹೇಳಿದ್ದಲ್ವಾ ಮಾರಾಯ್ರೆ” ಎಂದು ಶಶಿ ಇನ್ನೊಂದು ಸೌಟು ಬಡಿಸಿದಳು.

ಸಂಖ್ಯೆ ಇಳಿಯಿತು. ವರದಿ ನೋಡಿ ಸಂಪಾದಕರು ಸೋಮವಾರದಿಂದ ಮುಖಪುಟಕ್ಕೆ ಬನ್ನಿ ಎಂದರು. ನನ್ನ ಕೊನೆಯ ಆರೋಗ್ಯ ಪುಟದಲ್ಲಿ ಒಂದು ಪುಟ್ಟ ಚೌಕ ಹಾಕಿದ್ದೆ: ಥೈರಾಯ್ಡ್ ಗುಳಿಗೆಗೆ ಖಾಲಿ ಹೊಟ್ಟೆ ಎಂದರೆ ಚಾ ಕೂಡ ಇಲ್ಲದ ಹೊಟ್ಟೆ. ಸಂಪಾದಕರು ಅದರ ಮೇಲೆ ಪೆನ್ನಿಟ್ಟರು.

“ರಾಯರೇ, ಇದು ಗೊತ್ತಿಲ್ಲದವರು ಯಾರಿದ್ದಾರೆ?”

“ಒಬ್ಬ ಓದುಗರು ಕೇಳಿದ್ದಾರೆ ಸಾರ್.”

“ಎಲ್ಲಿಯವರು?”

“ಕಾಂದಿವಲಿ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ನೀವೂ ಕಾಂದಿವಲಿಯಲ್ಲೇ ಇರುವುದಲ್ಲವೇ?”

“ಕಾಂದಿವಲಿ ದೊಡ್ಡ ಊರು ಸಾರ್” ಎಂದೆ.

ಚೌಕ ಅಚ್ಚಾಯಿತು. ಅದೇ ದಿನ ಆಂಟಾಪ್ ಹಿಲ್‌ನಿಂದ ಒಬ್ಬರು ಫೋನ್ ಮಾಡಿದರು. ಬಹಳ ಉಪಕಾರವಾಯಿತು, ಚಾ ಆಗುವುದಿಲ್ಲ ಎಂದು ಗೊತ್ತೇ ಇರಲಿಲ್ಲ ಎಂದು ಹೇಳಿ, ಹಾಗಾದರೆ ಕಾಫಿ ಆಗುತ್ತದಲ್ಲ ಎಂದು ಕೇಳಿದರು. ಎಂಥ ಜನರಪ್ಪ ಎಂದುಕೊಂಡೆ. ಆದರೆ ಉತ್ತರಕ್ಕಾಗಿ ಯಾರನ್ನೂ ವಿಚಾರಿಸಬೇಕಾಗಲಿಲ್ಲ. ಅದೂ ಆಗುವುದಿಲ್ಲವೆಂದು ಕೂಡಲೇ ಹೇಳಿದೆ. ಅಂದು ಡಾಕ್ಟರರ ಕೋಣೆಯಿಂದ ಹೊರಟವನು ಬಾಗಿಲಿನಿಂದ ಮರಳಿ ಹೋಗಿ, ಶಶಿಗೆ ಕೇಳಿಸದ ಹಾಗೆ, ಅದೇ ಪ್ರಶ್ನೆಯನ್ನು ಕೇಳಿಕೊಂಡೇ ಬಂದಿದ್ದೆ.